ಸಹಿಯ ಮೇಲೊಂದು ಸಹಿ

ಹೆಂಡತಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ನಗರದಲ್ಲಿ ಕೆಲಸ ಸಿಕ್ಕಿ, ಅವಲಂಬಿತ ಪತಿಯಾಗಿ ನಾನೂ ಅವಳ ಹಿಂದೆ ಹೊರಟಾಗ, ನಾನು ಹುಟ್ಟಿದ್ದೇನೆ ಎಂಬುದಕ್ಕೂ ನಮಗೆ ಮದುವೆಯಾಗಿದೆ ಎಂಬುದಕ್ಕೂ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪಿಗೆಯಾಗಲೆಂದು ಅಂಟಿಸುವ ಸರ್ಕಾರಿ ದೃಢೀಕರಣದ ಚೀಟಿ, ಆದ ದಾಖಲೆಗಳು ಬೇಕೆಂಬ ಸೂಚನೆ ಬಂತು. ಮದುವೆಯ ಪತ್ರ ಯಾವ ತಂಟೆಯನ್ನೂ ಕೊಡಲಿಲ್ಲ. ತೊಡಕಾದದ್ದೆಲ್ಲ ಹುಟ್ಟಿನದೇ.

ಜನನ ಪ್ರಮಾಣಪತ್ರ ಇರಲಿಲ್ಲವೆಂದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ಅದನ್ನು ಅರಕಲಗೂಡಿನ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಅಡಿಗೆ ಸೇರಿಸಿ, ಮನೆಗೆ ಬಂದ ನೆಂಟರಿಗೂ ಆಗಾಗ ತೋರಿಸುತ್ತಿದ್ದರು. ಅಪೊಸ್ಟಿಲ್ ಮಾಡಿಸಿಕೊಡುವ ಬೆಂಗಳೂರಿನ ಏಜೆನ್ಸಿಯ ಹುಡುಗ ಮಾತ್ರ ಅದನ್ನು ಉಗುರಿನಿಂದ ಟಕಟಕ ಬಡಿದು ನೋಡಿ, ‘ಸಾರ್, ಪ್ಲಾಸ್ಟಿಕ್ ಮೇಲೆ ಸೀಲು ಕೂರಲ್ಲ’ ಎಂದು ಹಿಂದಕ್ಕೆ ತಳ್ಳಿದ.

ಅಂದು ರಾತ್ರಿ ನಾನು ಇಸ್ತ್ರಿಪೆಟ್ಟಿಗೆಯನ್ನು ಹದವಾಗಿ ಕಾಯಿಸಿ, ಮೇಲೊಂದು ಹಳೆಯ ಪಂಚೆಯ ತುಂಡನ್ನು ಹಾಸಿ, ಶಸ್ತ್ರಚಿಕಿತ್ಸೆಗೆ ಕುಳಿತೆ. ಒಂದು ಮೂಲೆ ಮೆಲ್ಲಗೆ ಬಿಟ್ಟುಕೊಂಡಿತು. ಅಷ್ಟಕ್ಕೇ ಉಬ್ಬಿಹೋಗಿ ಪ್ಲಾಸ್ಟಿಕ್ಕನ್ನು ಒಂದೇ ಸಲ ಎಳೆದಾಗ, ಅಧಿಕಾರಿಯ ಸಹಿಯು ಕಾಗದದ ಮೇಲ್ಪದರದ ಸಮೇತ ಕಿತ್ತುಕೊಂಡು ಬಂತು. ಎಡಗೈಯಲ್ಲಿ ಸಹಿಯಿಲ್ಲದ ಪ್ರಮಾಣಪತ್ರ, ಬಲಗೈಯಲ್ಲಿ ಪ್ರಮಾಣಪತ್ರವಿಲ್ಲದ ಸಹಿ ಹಿಡಿದುಕೊಂಡು ನಾನು ಬಹಳ ಹೊತ್ತು ಕುಳಿತಿದ್ದೆ.

ಆದ ಅನಾಹುತ ಎಂಥದ್ದೆಂದು ತಿಳಿದದ್ದು ಆಮೇಲೆ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಸುಲಭವಾಗಿ ಒಪ್ಪಲೆಂದು ಆದ 1961ರ ಹೇಗ್ ಒಪ್ಪಂದಕ್ಕೆ ಭಾರತವು 2005ರಿಂದ ಬದ್ಧವಾಗಿದ್ದು, ಅದರ ಪ್ರಕಾರ ಅಪೊಸ್ಟಿಲ್ ಎಂಬ ಚೀಟಿಯು ದಾಖಲೆಯಲ್ಲಿ ಬರೆದಿರುವುದು ನಿಜವೆಂದು ಎಲ್ಲಿಯೂ ಹೇಳುವುದಿಲ್ಲ. ಸಹಿ ಯಾರದು, ಆತ ಯಾವ ಅಧಿಕಾರದಲ್ಲಿ ಸಹಿ ಮಾಡಿದ್ದಾನೆ, ಮೊಹರು ಯಾವ ಕಚೇರಿಯದು ಎಂಬಷ್ಟನ್ನೇ ಅದು ಹೇಳುತ್ತದೆ. ಅಂದರೆ ಇಡೀ ಕಾಗದದಲ್ಲಿ ಜಗತ್ತಿಗೆ ಬೇಕಾಗಿದ್ದ ಜಾಗ ಒಂದೇ ಒಂದು, ನಾನು ಕಿತ್ತು ತೆಗೆದದ್ದೂ ಅದನ್ನೇ. ಕಾಲೇಜು ದಿನಗಳಲ್ಲಿ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಗಾಗಿ ಕೈಕಟ್ಟಿ ನಿಂತಾಗ, ಅವರು ಮೂಲಪ್ರತಿಯನ್ನು ಒಮ್ಮೆಯಾದರೂ ನೋಡಿ ‘ನಿಜಪ್ರತಿ’ ಎಂದು ಬರೆಯುತ್ತಿದ್ದರು. ಇಲ್ಲಿ ಆ ಮುಲಾಜೂ ಇಲ್ಲ.

ಹೊಸ ಪ್ರತಿ ತರಲು ಊರಿಗೆ ಹೋದೆ. ಅಚ್ಚುಕಟ್ಟಾದ ಕಂಪ್ಯೂಟರ್ ಪ್ರತಿ ಕೈಗೆ ಬಂದದ್ದೇನೋ ನಿಜ, ಆದರೆ ಅಪ್ಪನ ಹೆಸರಿನ ಹಿಂದಿದ್ದ ಊರು ಇಂಗ್ಲಿಷಿನಲ್ಲಿ ಸರ್ಕಾರಿ ಕಾಗುಣಿತದಂತೆ ‘ಅರ್ಕಲ್‌ಗುಡ್’ ಆಗಿತ್ತು. ಇನಿಷಿಯಲ್ಲುಗಳಲ್ಲಿ ಸುಖವಾಗಿ ಬದುಕುವ ನಮ್ಮಂಥವರಿಗೆ ಪಾಸ್‌ಪೋರ್ಟ್ ಅರ್ಜಿಯ ಉಪನಾಮದ ಕಾಲಮ್ಮು ಹೊಳೆ ದಾಟಿದಷ್ಟೇ ಕಷ್ಟ. ಅಲ್ಲಿ ನಾನು ಕನ್ನಡಾಭಿಮಾನದಿಂದ ‘ಅರಕಲಗೂಡು’ ಎಂದು ಪೂರ್ತಿ ಬರೆದಿದ್ದೆ. ಎರಡಕ್ಕೂ ಇದ್ದ ಅಂತರವೆಂದರೆ ಎರಡು ‘ಎ’ ಮತ್ತು ಒಂದು ‘ಯು’. ಆ ಮೂರು ಅಕ್ಷರಗಳಿಗಾಗಿ, ಎರಡೂ ಹೆಸರು ಒಂದೇ ಊರಿನವೆಂದೂ ಆ ತಂದೆಯೇ ಈ ತಂದೆಯೆಂದೂ ಇ-ಸ್ಟಾಂಪ್ ಕಾಗದದ ಮೇಲೆ ಪ್ರಮಾಣ ಮಾಡಿ, ನೋಟರಿಯ ಮುಂದೆ ಸಹಿ ಹಾಕಿದೆ. ಆ ಅಫಿಡವಿಟ್ಟಿಗೂ ಅಪೊಸ್ಟಿಲ್ ಬೇಕೆಂದು ಏಜೆನ್ಸಿಯವನು ನೆನಪಿಸಿದಾಗ, ಕಾಗದವನ್ನು ವಿವರಿಸುವ ಕಾಗದಕ್ಕೂ ಒಬ್ಬ ಜಾಮೀನುದಾರ ಬೇಕಾಗುತ್ತಾನೆಂಬ ಅರಿವಾಯಿತು.

ಮುಂದಿನದು ಸರಪಳಿ. ನನ್ನ ಪ್ರಮಾಣಪತ್ರದ ಸಹಿ ನಿಜವೆಂದು ರಾಜ್ಯದ ಗೃಹ ಇಲಾಖೆಯ ಅಧಿಕಾರಿ ಸಹಿ ಮಾಡಬೇಕು, ಆ ಅಧಿಕಾರಿಯ ಸಹಿ ನಿಜವೆಂದು ವಿದೇಶಾಂಗ ಸಚಿವಾಲಯದವರು ಸಹಿ ಮಾಡಬೇಕು. ಸಚಿವಾಲಯವು ಸಾರ್ವಜನಿಕರಿಂದ ಕಾಗದಗಳನ್ನು ನೇರವಾಗಿ ಪಡೆಯುವುದಿಲ್ಲವಾದ್ದರಿಂದ ನಡುವೆ ಏಜೆನ್ಸಿ ಅನಿವಾರ್ಯ. ಸರ್ಕಾರದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ, ನನ್ನ ಜೇಬಿನಿಂದ ಹೋದದ್ದು ಎಷ್ಟೆಂದು ಹೆಂಡತಿಗೂ ಇನ್ನೂ ಹೇಳಿಲ್ಲ. ಹೀಗೆ ಗೊಣಗುತ್ತಿದ್ದಾಗ ದುಬೈಗೆ ಹೊರಟಿದ್ದ ಗೆಳೆಯನೊಬ್ಬ ನಕ್ಕುಬಿಟ್ಟ. ಅರಬ್ ಸಂಯುಕ್ತ ಸಂಸ್ಥಾನ ಆ ಒಪ್ಪಂದದಲ್ಲಿಲ್ಲದ ಕಾರಣ ಸಚಿವಾಲಯ ದಾಟಿದ ಮೇಲೂ ಅವನ ಪಾಲಿಗೆ ರಾಯಭಾರ ಕಚೇರಿಯ ಮೆಟ್ಟಿಲು ಬಾಕಿಯಿತ್ತು. ನನ್ನ ಅದೃಷ್ಟ, ನಾನು ಹೊರಟಿದ್ದು ಹೇಗ್ ನಗರವೇ ಇರುವ ದೇಶಕ್ಕೆ.

ಮೂರು ವಾರಗಳ ಮೇಲೆ ಕಾಗದಗಳು ಬಂದವು. ಹಿಂಬದಿಯಲ್ಲಿ ಅಂಟಿಸಿದ್ದ ಚೀಟಿಯ ನೆತ್ತಿಯಲ್ಲಿ ಒಪ್ಪಂದದ ಹೆಸರು ಫ್ರೆಂಚಿನಲ್ಲಿತ್ತು, ಕೆಳಗೆ ಒಂದರಿಂದ ಹತ್ತರವರೆಗೆ ಸಾಲುಗಳಿದ್ದವು. ಹತ್ತು ಸಾಲುಗಳನ್ನೂ ಎರಡೆರಡು ಸಲ ಓದಿದೆ. ಸಹಿ ಮಾಡಿದವರ ಹೆಸರು, ಹುದ್ದೆ, ಊರು, ದಿನಾಂಕ ಎಲ್ಲವೂ ಇದ್ದವು. ಹುಟ್ಟಿದವನ ಸುದ್ದಿಯೇ ಇರಲಿಲ್ಲ.

ಆದರೂ ಹೆಮ್ಮೆಯಿಂದ ಫೋಟೊ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆಲ್ಲ ಅವರ ಫೋನು ಬಂತು. ‘ಚೆನ್ನಾಗಿ ಬಂದಿದೆ ಕಣೋ, ಇಷ್ಟು ಓಡಾಡಿ ಮಾಡಿಸಿದ್ದೀಯ, ಹಾಗೇ ಬಿಡಬೇಡ. ಬಸ್ ಸ್ಟ್ಯಾಂಡಿನ ಹತ್ತಿರ ಆ ಅಂಗಡಿ ಇನ್ನೂ ಇದೆ, ಕಳಿಸಿಕೊಡು, ಲ್ಯಾಮಿನೇಷನ್ ಮಾಡಿಸಿಡುತ್ತೇನೆ’ ಎಂದರು.