ರ್ಯಾಂಕಿಂಗ್ ಪಕ್ಕಕ್ಕಿಡಿ, ಅಲ್ಲಿ ಓದಿದವರ ಥೀಸಿಸ್ ತೆರೆದು ನೋಡಿ

ದೀಪಾವಳಿಗೆ ಹೊಸಪೇಟೆಗೆ ಹೋಗಿದ್ದೆ. ಹಬ್ಬದ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಮೆಟಲರ್ಜಿಯಲ್ಲಿ ಬಿ.ಇ. ಮುಗಿಸಿದ್ದಾಳೆ.

"ಮಾಮ, ಸ್ವೀಡನ್‌ಗೆ ನಾಲ್ಕು ಮಾಸ್ಟರ್ಸ್ ಆರಿಸಿದ್ದೀನಿ. ಯಾವ್ದು ಮೊದ್ಲು ಹಾಕ್ಲಿ?"

ಪಟ್ಟಿ ನೋಡಿದೆ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಮಾಡಿಕೊಟ್ಟಿದ್ದು. ನಾಲ್ಕನ್ನೂ ರ್ಯಾಂಕಿಂಗ್ ಪ್ರಕಾರ ಒಂದರ ಕೆಳಗೊಂದು ಜೋಡಿಸಿದ್ದರು. ಮೊದಲನೆಯದರಲ್ಲಿ ಎರಡನೇ ಸೆಮಿಸ್ಟರ್‌ಗೆ ಏನು ಕಲಿಸುತ್ತಾರೆ ಅಂತ ಕೇಳಿದೆ. ಅವಳು ಸುಮ್ಮನಾದಳು.

ಆ ಮೌನ ನನಗೆ ಗೊತ್ತು. ನಾನೂ ಸ್ವೀಡನ್‌ಗೆ ಹೋಗುವಾಗ ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಹೀಗೇ ಕೂತಿರುತ್ತಿದ್ದೆ. ನಾನು ಓದಿದ ಯೂನಿವರ್ಸಿಟಿಯ ಹೆಸರು ಇಲ್ಲಿ ಬೇಡ. ಕೋರ್ಸಿನ ಹೆಸರಿನಲ್ಲಿ 'ಸುಸ್ಥಿರ ಶಕ್ತಿ' ಅಂತಿತ್ತು. ನನಗೆ ಬೇಕಾಗಿದ್ದದ್ದು ಬಾಯ್ಲರ್, ಟರ್ಬೈನ್, ಶಾಖದ ಲೆಕ್ಕ. ಅಲ್ಲಿ ಸಿಕ್ಕಿದ್ದು ಇಂಧನ ನೀತಿ, ಮಾರುಕಟ್ಟೆಯ ಮಾಡೆಲ್, ಗುಂಪು ವರದಿಗಳು. ಕೆಟ್ಟ ಕೋರ್ಸ್ ಅಲ್ಲ, ನನ್ನ ಕೋರ್ಸ್ ಅಲ್ಲ, ಅಷ್ಟೆ. ಅಪ್ಪ ಹೊಲದ ಪತ್ರ ಬ್ಯಾಂಕಿನಲ್ಲಿಟ್ಟು ತಂದ ಸಾಲದಲ್ಲಿ ಎರಡು ವರ್ಷ ಓದಿದೆ. ಲ್ಯಾಬಿನೊಳಗೆ ಕಾಲಿಟ್ಟಿದ್ದು ಒಂದೇ ಸಲ. ಸಂಕಟದ ವಿಷಯ ಏನೆಂದರೆ, ಯಾರೂ ನನಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಪ್ರತಿ ವಿಷಯದ ಪಠ್ಯಕ್ರಮವೂ ಅವರ ವೆಬ್‌ಸೈಟಿನಲ್ಲೇ ಇತ್ತು. ಓದದೆ ಹೋದವನು ನಾನು.

ಅದಕ್ಕೇ ಈ ಬರಹ. ಅಕ್ಟೋಬರ್ ಮಧ್ಯದಲ್ಲಿ ಅರ್ಜಿ ತೆರೆದರೆ ಜನವರಿ ಮಧ್ಯಕ್ಕೆ ಮುಗಿಯುತ್ತದೆ. ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು ನಡೆಯುತ್ತಿರುತ್ತದೆ.

ನಾರ್ಡಿಕ್ ದೇಶಗಳಲ್ಲಿ ಓದು ಉಚಿತ ಅನ್ನುವ ಮೆಸೇಜ್ ಇನ್ನೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಯುರೋಪಿನ ಹೊರಗಿನವರಿಗೆ ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ ಫೀಸು ತಂದವು. ಕೊನೆಗೆ ನಾರ್ವೆಯೂ 2023ರಲ್ಲಿ ತಂದಿತು. ಸ್ವೀಡನ್‌ನಲ್ಲಿ ಎಂಜಿನಿಯರಿಂಗ್ ಮಾಸ್ಟರ್ಸ್‌ಗೆ ವರ್ಷಕ್ಕೆ ಒಂದೂವರೆ ಲಕ್ಷ ಕ್ರೋನದ ಆಸುಪಾಸು ಆಗುತ್ತದೆ. ಒಂದು ಕ್ರೋನಕ್ಕೆ ಒಂಬತ್ತು ರೂಪಾಯಿ ಅಂತ ಹಿಡಿದರೆ ಫೀಸೇ ಹದಿಮೂರೂವರೆ ಲಕ್ಷ. ಮನೆ ಬಾಡಿಗೆ, ಊಟ ಬೇರೆ. ಇಷ್ಟು ದುಡ್ಡು ಹಾಕುವವರು ಎರಡು ಸಂಜೆ ಕೂತು ಪಠ್ಯಕ್ರಮ ಓದಲೇಬೇಕು.

ಇನ್ನೊಂದು ವಿಷಯ. ಸ್ವೀಡನ್‌ನಲ್ಲಿ ಎಲ್ಲ ಯೂನಿವರ್ಸಿಟಿಗೂ ಸೇರಿ ಒಂದೇ ಅರ್ಜಿ, 900 ಕ್ರೋನ ಶುಲ್ಕ, ನಾಲ್ಕು ಮಾಸ್ಟರ್ಸ್‌ಗೆ ಅವಕಾಶ. ಆ ನಾಲ್ಕಕ್ಕೂ ನೀವೇ ಕ್ರಮ ಕೊಡಬೇಕು. ಮೇಲಿನದರಲ್ಲಿ ಸೀಟು ಸಿಕ್ಕಿತು ಅಂದರೆ ಕೆಳಗಿನವು ತಾನಾಗಿಯೇ ಬಿದ್ದುಹೋಗುತ್ತವೆ. ನಾಲ್ಕೂ ಸಿಗಲಿ, ಆಮೇಲೆ ಯೋಚಿಸೋಣ ಅನ್ನುವ ಹಾಗಿಲ್ಲ. ಯೋಚನೆಯೆಲ್ಲ ಅರ್ಜಿಗೆ ಮೊದಲೇ ಮುಗಿದಿರಬೇಕು.

ನಾವಿಬ್ಬರೂ ಆ ಮಧ್ಯಾಹ್ನ ಶುರುಮಾಡಿದ್ದು ಕುರ್ಸ್‌ಪ್ಲಾನ್‌ನಿಂದ. ಪ್ರತಿ ವಿಷಯಕ್ಕೂ ಇರುವ ಅಧಿಕೃತ ಪಠ್ಯಕ್ರಮಕ್ಕೆ ಅಲ್ಲಿ ಹೇಳುವ ಹೆಸರು ಇದು. ಏನು ಕಲಿಸುತ್ತಾರೆ, ಪರೀಕ್ಷೆ ಹೇಗೆ, ಲ್ಯಾಬ್ ಇದೆಯೋ ಇಲ್ಲವೋ, ಎಲ್ಲ ಅದರಲ್ಲಿರುತ್ತದೆ. ಸ್ವೀಡನ್‌ನ ಬಹುತೇಕ ಯೂನಿವರ್ಸಿಟಿಗಳು ಸರ್ಕಾರಿ ಸಂಸ್ಥೆಗಳು. ಸರ್ಕಾರಿ ಕಾಗದ ಯಾರು ಬೇಕಾದರೂ ನೋಡಬಹುದು ಅನ್ನುವ ಕಾನೂನು ಆ ದೇಶದಲ್ಲಿ 1766ರಿಂದ ಇದೆ. ಹಾಗಾಗಿ ನೀವು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಎರಡು ವರ್ಷಕ್ಕೆ ಒಟ್ಟು 120 ಕ್ರೆಡಿಟ್. ಸಾಮಾನ್ಯವಾಗಿ ಒಂದು ವಿಷಯಕ್ಕೆ ಏಳೂವರೆ. ನಮ್ಮ ಹಾಗೆ ಆರೇಳು ವಿಷಯ ಒಟ್ಟಿಗೆ ಓದಿಸುವುದಿಲ್ಲ. ಒಂದು ಸಲಕ್ಕೆ ಎರಡೇ ವಿಷಯ, ಸುಮಾರು ಹತ್ತು ವಾರ, ಪರೀಕ್ಷೆ, ಮತ್ತೆ ಮುಂದಿನ ಎರಡು. ಅಂದರೆ ಕೊನೆಯ ಥೀಸಿಸ್ ಬಿಟ್ಟರೆ ಇಡೀ ಕೋರ್ಸಿನಲ್ಲಿ ನಿಮಗೆ ಸಿಗುವುದು ಹೆಚ್ಚೆಂದರೆ ಹನ್ನೆರಡು ವಿಷಯ. ಅಕ್ಕನ ಮಗಳು ಪೆನ್ನು ತೆಗೆದುಕೊಂಡು ಹಳೆಯ ಕ್ಯಾಲೆಂಡರಿನ ಹಿಂದೆ ಆ ಹನ್ನೆರಡನ್ನೂ ಬರೆದಳು. ನಿಜವಾಗಿ ಓದಬೇಕು ಅನ್ನಿಸಿದ್ದಕ್ಕೆಲ್ಲ ಗೀಟು ಹಾಕು ಅಂದೆ. ಪಟ್ಟಿಯ ಮೊದಲನೆಯ ಕೋರ್ಸಿಗೆ ಬಿದ್ದದ್ದು ಮೂರು ಗೀಟು.

ಕೊನೆಯ 30 ಕ್ರೆಡಿಟ್ ಥೀಸಿಸ್‌ಗೆ. ಒಂದು ಪೂರ್ತಿ ಸೆಮಿಸ್ಟರ್ ಅದೊಂದೇ ಕೆಲಸ. ಅದನ್ನು ಎಷ್ಟೋ ಜನ ಕಂಪನಿಯಲ್ಲೇ ಮಾಡುತ್ತಾರೆ, 'ಎಕ್ಸ್‌ಯೋಬ್' ಅನ್ನುತ್ತಾರೆ. ಮುಂದಿನ ಕೆಲಸದ ದಾರಿ ಬಹಳ ಸಲ ಅಲ್ಲಿಂದಲೇ ಶುರುವಾಗುವುದು. ಅಲ್ಲಿನ ಹಲವು ಯೂನಿವರ್ಸಿಟಿಗಳ ಥೀಸಿಸ್‌ಗಳು 'ದೀವಾ' ಅನ್ನುವ ಪೋರ್ಟಲ್‌ನಲ್ಲಿ ಸಿಗುತ್ತವೆ. ಹೋದ ಎರಡು ವರ್ಷದ ಹುಡುಗರು ಏನು ಮಾಡಿದರು, ಯಾವ ಕಾರ್ಖಾನೆಯಲ್ಲಿ ಮಾಡಿದರು ಅಂತ ಶೀರ್ಷಿಕೆ ಮತ್ತು ಧನ್ಯವಾದದ ಪುಟ ನೋಡಿದರೆ ಗೊತ್ತಾಗಿಬಿಡುತ್ತದೆ. ಇಷ್ಟನ್ನು ಯಾವ ಬ್ರೋಷರ್ ಕೂಡ ಹೇಳುವುದಿಲ್ಲ. ಕನ್ಸಲ್ಟೆನ್ಸಿಯವರಿಗೆ ಇದನ್ನು ತೋರಿಸುವ ಪುರುಸೊತ್ತು ಇರಲಿಲ್ಲ, ಅದು ನನಗೆ ಇನ್ನೂ ಸಿಟ್ಟು.

ಹುಡುಕುತ್ತಾ ಹೋದಾಗ ಪಟ್ಟಿಯಲ್ಲಿ ಇಲ್ಲದ ಊರೊಂದು ಎದುರಾಯಿತು, ಲೂಲಿಯೊ. ಸ್ವೀಡನ್‌ನ ಉತ್ತರದ ತುದಿಗೆ ಹತ್ತಿರ, ಸಮುದ್ರದ ದಡದಲ್ಲಿ. ಉತ್ತರದ ಗಣಿಗಳ ಕಬ್ಬಿಣದ ಅದಿರು ರೈಲಿನಲ್ಲಿ ಇಲ್ಲಿಗೂ ಬರುತ್ತದೆ, ಉಕ್ಕಿನ ಕಾರ್ಖಾನೆಯೂ ಇಲ್ಲಿದೆ. 2020ರಲ್ಲಿ ಇಲ್ಲಿ ಹೈಬ್ರಿಟ್ ಅನ್ನುವ ಪ್ರಾಯೋಗಿಕ ಘಟಕ ಶುರುವಾಯಿತು. ನಮ್ಮ ತೋರಣಗಲ್ಲಿನ ಊದುಕುಲುಮೆಯಲ್ಲಿ ಅದಿರಿನಿಂದ ಆಮ್ಲಜನಕ ತೆಗೆಯುವುದು ಕಲ್ಲಿದ್ದಲಿನಿಂದ ಮಾಡಿದ ಕೋಕ್, ಹೊರಬರುವುದು ಇಂಗಾಲದ ಡೈಆಕ್ಸೈಡ್. ಇವರು ಆ ಕೆಲಸವನ್ನು ಹೈಡ್ರೋಜನ್‌ಗೆ ಕೊಟ್ಟಿದ್ದಾರೆ, ಹೊರಬರುವುದು ನೀರಿನ ಹಬೆ. ಆ ಊರಿನ ಯೂನಿವರ್ಸಿಟಿ ಗಣಿ, ಖನಿಜ, ಲೋಹವನ್ನೇ ಹಿಡಿದು ಬೆಳೆದದ್ದು. ಜಾಗತಿಕ ಪಟ್ಟಿಗಳಲ್ಲಿ ಅದರ ಹೆಸರು ಮೇಲೆಲ್ಲೂ ಕಾಣುವುದಿಲ್ಲ. ಆದರೆ ಅಲ್ಲಿನ ಥೀಸಿಸ್‌ಗಳ ಶೀರ್ಷಿಕೆ ಓದುತ್ತಾ ಓದುತ್ತಾ ಅಕ್ಕನ ಮಗಳು ಚಹಾ ಆರಿಹೋದದ್ದನ್ನೂ ಗಮನಿಸಲಿಲ್ಲ. ಪೆಲೆಟ್ (ಅದಿರಿನ ಉಂಡೆ), ಸ್ಲ್ಯಾಗ್ (ಕುಲುಮೆಯ ಕಿಟ್ಟ), ಅಪಕರ್ಷಣ (ಅದಿರಿನಿಂದ ಆಮ್ಲಜನಕ ತೆಗೆಯುವುದು). "ಮಾಮ, ಇದೆಲ್ಲ ನಮ್ಮೂರಿನ ವಿಷ್ಯ ಅಲ್ವಾ?"

ಭಾವ ಮಾತ್ರ ಬಾಗಿಲಲ್ಲೇ ನಿಂತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅವರ ಎರಡು ಲಾರಿ ತಿಂಗಳುಗಟ್ಟಲೆ ಮನೆ ಮುಂದೆ ನಿಂತಿದ್ದವು. "ಅಷ್ಟು ದೂರ ಹೋಗಿ ಮತ್ತೆ ಇದೇ ಕೆಂಪು ಮಣ್ಣು ಓದ್ಬೇಕೇನಮ್ಮಾ?" ಅಂದರು. ಆ ಪ್ರಶ್ನೆಗೆ ಅರ್ಥವಿತ್ತು. ಅವಳು ಉತ್ತರ ಹೇಳದೆ ಸ್ವೀಡನ್‌ನ ಉತ್ತರದ ಗಣಿ ಊರು ಕಿರುನಾದ ಫೋಟೊ ತೋರಿಸಿದಳು. ಗಣಿಯಿಂದ ನೆಲ ಕುಸಿಯುತ್ತಿದೆ ಅಂತ ಆ ಊರಿನ ನಡುಭಾಗವನ್ನೇ ಬೇರೆ ಕಡೆ ಕಟ್ಟುತ್ತಿದ್ದಾರೆ. 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ, ಗಾಲಿಗಳ ಮೇಲೆ ಸುಮಾರು ಐದು ಕಿಲೋಮೀಟರ್ ಸಾಗಿಸಿದರು. ಭಾವ ಆ ಗಾಲಿಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಎಷ್ಟು ಆಕ್ಸಲ್ ಇರಬಹುದು ಅಂತ ಎಣಿಸಿದರು.

ಲೂಲಿಯೊ ಎಲ್ಲರಿಗೂ ಅಂತ ಹೇಳುತ್ತಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಇರುವುದು ಮೂರೇ ಗಂಟೆ. ಸಮುದ್ರ ಹೆಪ್ಪುಗಟ್ಟಿ ಜನ ಅದರ ಮೇಲೇ ನಡೆಯುತ್ತಾರೆ. ಕತ್ತಲು ತಡೆಯಲಾಗದವರಿಗೆ ಅದು ಕಷ್ಟದ ಊರು, ಅದನ್ನೂ ಅವಳಿಗೆ ಹೇಳಿದೆ. ಇದೇ ವಿಷಯಕ್ಕೆ ಫಿನ್ಲೆಂಡ್‌ನ ಔಲು, ನಾರ್ವೆಯ ಟ್ರಾನ್‌ಹೈಮ್ ಕೂಡ ನೋಡಿದೆವು. ಅವಕ್ಕೆ ಅರ್ಜಿ ಬೇರೆ, ತಾರೀಖು ಬೇರೆ.

ರಾತ್ರಿ ಎಂಟಕ್ಕೆ ಹೊಸ ಪಟ್ಟಿ ತಯಾರಾಯಿತು. ಕನ್ಸಲ್ಟೆನ್ಸಿಯವರ ನಾಲ್ಕರಲ್ಲಿ ಉಳಿದದ್ದು ಒಂದೇ, ಅದೂ ಮೂರನೇ ಜಾಗದಲ್ಲಿ. ಮೊದಲನೆಯದು ಲೂಲಿಯೊ.

ಅಲ್ಲಿ ಓದುತ್ತಿರುವ ಅಥವಾ ಕೆಲಸದಲ್ಲಿರುವ ಕನ್ನಡದವರು ಯಾರಾದರೂ ಇದನ್ನು ನೋಡಿದರೆ ದಯವಿಟ್ಟು ನನ್ನ ಇನ್‌ಬಾಕ್ಸ್‌ಗೆ ಬರೆಯಿರಿ. ಹಾಸ್ಟೆಲ್ ರೂಮಿಗೆ ಯಾವಾಗ ಹೆಸರು ಕೊಡಬೇಕು ಅಂತ ಅವಳು ಕೇಳುತ್ತಿದ್ದಾಳೆ. ಜೋಳದ ಹಿಟ್ಟು ಸಿಗುತ್ತದಾ ಅಂತ ಭಾವ ಕೇಳುತ್ತಿದ್ದಾರೆ.