ಅದು ವಿಷದ ಪಾತರಗಿತ್ತಿ ಅಲ್ಲ, ಅಟ್ಲಾಸ್ ಪತಂಗ

ಧಾರವಾಡ, ಕಲಘಟಗಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡುತ್ತಿದೆ. "ಹಾವಿನ ತಲೆಯ ವಿಷದ ಪಾತರಗಿತ್ತಿ. ಕಚ್ಚಿದರೆ ಸಾವು, ಕಂಡಲ್ಲಿ ಕೊಲ್ಲಿ" ಎಂದು ಕೆಳಗೆ ಬರೆದಿದ್ದಾರೆ. ಇದು ಪೂರ್ತಿ ಸುಳ್ಳು.

ಫೋಟೊದಲ್ಲಿರುವುದು ಅಟ್ಲಾಸ್ ಪತಂಗ. ಅದು ಕಚ್ಚುವುದಾದರೂ ಹೇಗೆ? ರೆಕ್ಕೆ ಬಂದ ಮೇಲೆ ಅದಕ್ಕೆ ತಿನ್ನಲು ಬರುವ ಬಾಯಿಯೇ ಇರುವುದಿಲ್ಲ. ಹುಳುವಾಗಿದ್ದಾಗ ಎಲೆ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರ ಬದುಕುತ್ತದೆ, ಅಷ್ಟೇ. ಅಷ್ಟರಲ್ಲಿ ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು. ಅಂಥದ್ದನ್ನು ಸುಮ್ನೆ ಪೊರಕೆಯಿಂದ ಬಡಿದು ಸಾಯಿಸಿದರೆ ಹೊಟ್ಟೆ ಉರಿಯುತ್ತದೆ.

ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯಂತೆ ಕಾಣುವುದು ನಿಜ. ಹಕ್ಕಿಗಳು ಹೆದರಿ ದೂರ ಇರಲಿ ಎಂದೇ ಅದು ಹಾಗಿದೆ ಎನ್ನುತ್ತಾರೆ. ರೆಕ್ಕೆ ಬಿಚ್ಚಿದರೆ ಅಗಲ ಸುಮಾರು 24 ಸೆಂಟಿಮೀಟರ್. ನಡುವೆ ನಾಲ್ಕು ಮುಕ್ಕೋನದ ಕಿಟಕಿಗಳಿವೆ. ಅಲ್ಲಿ ಬಣ್ಣದ ಹುಡಿ ಇರುವುದಿಲ್ಲ, ಆಚೆಯ ಬೆಳಕು ಕಾಣುತ್ತದೆ.

ಇನ್ನೊಂದು ಮಾತು, ಇದು ಪಾತರಗಿತ್ತಿಯೂ ಅಲ್ಲ. ಪಾತರಗಿತ್ತಿಯ ಮೀಸೆಯ ತುದಿ ಗುಂಡಗೆ ದಪ್ಪ ಇರುತ್ತದೆ. ಇದರದ್ದು ಹಕ್ಕಿಯ ಗರಿಯಂತೆ, ಗಂಡಿನದ್ದು ಇನ್ನೂ ಜಾಸ್ತಿ ಅಗಲ. ಹೆಣ್ಣಿನ ವಾಸನೆಯನ್ನು ಗಂಡು ದೂರದಿಂದಲೇ ಹಿಡಿಯುವುದು ಅದರಿಂದಲೇ. ಬಾಲವಿರುವ ಹಸಿರು ಚಂದ್ರ ಪತಂಗ, ಟಸರ್ ರೇಷ್ಮೆಯ ಪತಂಗ ಕೂಡ ಇದೇ ಸ್ಯಾಟರ್ನಿಡೆ ಕುಟುಂಬದವು. ಹಾವೇರಿ ಕಡೆ ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುವ ರೇಷ್ಮೆ ಹುಳುವಿನ ಕುಟುಂಬ ಮಾತ್ರ ಬೇರೆ, ಬಾಂಬಿಸಿಡೆ.

ಗೋಡೆ ಮೇಲೆ ಕಂಡರೆ ಹೊರಗಿನ ಲೈಟ್ ಆರಿಸಿ, ಹಾಗೇ ಬಿಡಿ. ಹಾರಿ ಹೋಗುತ್ತದೆ.