ಅಚ್ಚು ಹಾಕಲು ಕೊಟ್ಟ ಹಕ್ಕು

1469ರ ಸೆಪ್ಟೆಂಬರಿನಲ್ಲಿ ವೆನಿಸ್ ಸರ್ಕಾರ ಜರ್ಮನಿಯಿಂದ ಬಂದ ಯೋಹಾನ್ ಎಂಬ ಮುದ್ರಕನಿಗೆ ಒಂದು ಸನ್ನದು ಕೊಟ್ಟಿತು. ಐದು ವರ್ಷ ಆ ರಾಜ್ಯದಲ್ಲಿ ಅವನ ಹೊರತು ಯಾರೂ ಪುಸ್ತಕ ಅಚ್ಚು ಹಾಕಕೂಡದು. ಹಾಕಿದರೆ ದಂಡ, ಮೇಲೆ ಸಲಕರಣೆಗಳ ಮುಟ್ಟುಗೋಲು. ಯಾವುದೋ ಒಂದು ಪುಸ್ತಕದ ಮೇಲಲ್ಲ, ಮುದ್ರಣ ವಿದ್ಯೆಯ ಮೇಲೆಯೇ ಏಕಸ್ವಾಮ್ಯ! ಕೆಲವೇ ತಿಂಗಳಲ್ಲಿ ಯೋಹಾನ್ ತೀರಿಕೊಂಡ. ದಫ್ತರದಲ್ಲಿ ಆ ನಮೂದಿನ ಅಂಚಿಗೆ, ಪಡೆದವನು ಸತ್ತಿರುವುದರಿಂದ ಇದಕ್ಕೆ ಬಲವಿಲ್ಲ ಎಂದು ಬರೆದಿದೆ. ಅವನ ಮುದ್ರಣಾಲಯ ನಡೆಸಿಕೊಂಡು ಹೋದ ಸಹೋದರನಿಗೂ ಹಕ್ಕು ದಾಟಲಿಲ್ಲ. ವೆನಿಸ್ಸಿನ ಭಾಗ್ಯ ತೆರೆದದ್ದು ಆ ಒಂದು ಸಾಲಿನಿಂದ ಎಂದೇ ನಾನು ನಂಬುತ್ತೇನೆ. 1470ರಲ್ಲಿ ನಿಕೊಲಾ ಜೆನ್ಸನ್ ಅಲ್ಲಿ ಅಚ್ಚು ಹಾಕತೊಡಗಿದ. ಅವನ ಅಕ್ಷರಗಳ ಅಂದಕ್ಕೆ ಇಂದಿಗೂ ವಿನ್ಯಾಸಕಾರರು ತಲೆದೂಗುತ್ತಾರೆ. ಶತಮಾನ ಮುಗಿಯುವಷ್ಟರಲ್ಲಿ ಆ ಊರು ಯುರೋಪಿನ ಮುದ್ರಣದ ರಾಜಧಾನಿಯಾಗಿತ್ತು.

ಆಮೇಲೆ ಬಿಡಿ ಪುಸ್ತಕಗಳಿಗೆ ಸನ್ನದು ಬಂತು. 1486ರಲ್ಲಿ ಸಾಬೆಲ್ಲಿಕೊ ಎಂಬ ಇತಿಹಾಸಕಾರ ತಾನು ಬರೆದ ವೆನಿಸ್ ಚರಿತ್ರೆಯನ್ನು ಯಾರು ಮುದ್ರಿಸಬೇಕೆಂದು ತಾನೇ ಆರಿಸುವ ಹಕ್ಕು ಪಡೆದ. ಲೇಖಕನೊಬ್ಬನಿಗೆ ಇಂಥದ್ದು ಸಿಕ್ಕಿದ್ದು ದೊಡ್ಡ ಮಾತು. ಆದರೆ ದುರಾಸೆಯೂ ಬೆನ್ನಿಗೇ ಬಂತು. ಮುದ್ರಿಸುವ ಮನಸ್ಸಿಲ್ಲದಿದ್ದರೂ ಸಿಕ್ಕಸಿಕ್ಕ ಪುಸ್ತಕಕ್ಕೆಲ್ಲ ಹಕ್ಕು ಬರೆಸಿಕೊಂಡು ಉಳಿದವರ ಕೈ ಕಟ್ಟಿಹಾಕುವವರು ಹುಟ್ಟಿಕೊಂಡರು. ಮುದ್ರಕರು ಊರು ಬಿಡತೊಡಗಿದರು. 1517ರಲ್ಲಿ ವೆನಿಸ್ಸಿನ ಆಡಳಿತ ಸಭೆಯಾದ ಸೆನೆಟ್ ಅದುವರೆಗಿನ ಸನ್ನದುಗಳನ್ನು ರದ್ದು ಮಾಡಿ, ಇನ್ನು ಮುಂದೆ ಹೊಸ ಕೃತಿಗಳಿಗೆ ಮಾತ್ರ, ಅದೂ ಮೂರನೇ ಎರಡರಷ್ಟು ಮತ ಬಿದ್ದರೆ ಮಾತ್ರ ಎಂದಿತು. 1530ರ ದಶಕದಲ್ಲಿ ಇನ್ನೂ ಬಿಗಿ ಮಾಡಿತು: ವರ್ಷದೊಳಗೆ ಅಚ್ಚಾಗದಿದ್ದರೆ ಹಕ್ಕು ಹೋಯಿತು.

ಈ ಷರತ್ತು ನಮಗೆ ಬೇಕು. ದಶಕಗಳಿಂದ ಮರುಮುದ್ರಣ ಕಾಣದ ಕನ್ನಡ ಪುಸ್ತಕಗಳಿಗಾಗಿ ಹಳೆಯ ಪುಸ್ತಕದಂಗಡಿಗಳಲ್ಲಿ ಧೂಳು ಕುಡಿದವರಿಗೆಲ್ಲ ಇದರ ಸಂಕಟ ಗೊತ್ತು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 50 ಇದ್ದದ್ದನ್ನು 1992ರಲ್ಲಿ ಏರಿಸಿದರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಡ್ಡಾಯ ಪರವಾನಗಿಯ, ಅಂದರೆ ಹಕ್ಕುದಾರರು ಒಪ್ಪದಿದ್ದರೂ ಮುದ್ರಿಸಲು ಅನುಮತಿ ಪಡೆಯುವ, ದಾರಿ ಇದೆ, ನಿಜ. ಆದರೆ ಹಕ್ಕುದಾರರು ಮರುಪ್ರಕಟಣೆಗೆ ಒಪ್ಪಲಿಲ್ಲವೆಂದು ಕೇಳಿಕೊಂಡು ಹೋದವನೇ ತೋರಿಸಬೇಕು. ಹಕ್ಕುದಾರರು ಯಾರೆಂದೇ ಗೊತ್ತಾಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಅರ್ಜಿ ಹಾಕಬೇಕು. ಒಂದು ಹಳೆಯ ಪುಸ್ತಕಕ್ಕೆ ಸಣ್ಣ ಪ್ರಕಾಶಕರು ಇಷ್ಟೆಲ್ಲ ಅಲೆದಾರೆಯೇ? ಇಂತಿಷ್ಟು ವರ್ಷ ಮರುಮುದ್ರಣವಾಗದ ಕೃತಿಯನ್ನು, ಲೇಖಕರ ಕುಟುಂಬಕ್ಕೆ ಗೌರವಧನ ತೆಗೆದಿಟ್ಟು, ಯಾರು ಬೇಕಾದರೂ ತರಬಹುದು ಎಂದು ಕಾಯ್ದೆಯಲ್ಲೇ ಬರೆಯಲಿ. ಪುಸ್ತಕ ಅಂಗಡಿಗೆ ಬಂದರೆ ಆ ಕುಟುಂಬಕ್ಕೂ ನಾಲ್ಕು ಕಾಸು ಸಿಗುತ್ತದೆ. ಈಗ ಅದೂ ಇಲ್ಲ.